ಪುದೀನ-ಮೇಣದಬತ್ತಿ ಪ್ರಯೋಗ ಮನೆಯಲ್ಲಿ ಕೈಕೊಟ್ಟಿತು. ಪ್ರೀಸ್ಟ್ಲಿ ಅದನ್ನು ಮಾಡಿದ್ದಾದರೂ ಹೇಗೆ?

ಸಂಜೆಮಲ್ಲಿಗೆ
ಮಗಳು ಒಂಬತ್ತನೇ ಕ್ಲಾಸು. ಮುಚ್ಚಿದ ಗಾಜಿನೊಳಗೆ ಮೇಣದಬತ್ತಿ ಆರಿಹೋಗುತ್ತದೆ, ಅಲ್ಲೇ ಪುದೀನ ಇಟ್ಟರೆ ಕೆಲವು ದಿನಕ್ಕೆ ಗಾಳಿ ಸರಿಯಾಗಿ ಮತ್ತೆ ಉರಿಯುತ್ತದೆ ಅನ್ನೋ ಚಿತ್ರ ಎಲ್ಲೋ ನೋಡಿದಳು, ಪ್ರೀಸ್ಟ್ಲಿ ಅನ್ನೋ ಹಿಂದಿನ ಕಾಲದ ಇಂಗ್ಲಿಷ್ ವಿಜ್ಞಾನಿ ಮಾಡಿದ್ದಂತೆ. ಮನೆಯಲ್ಲೇ ಮಾಡೋಣ ಅಂತ ಹಟ. ಸರಿ, ಉಪ್ಪಿನಕಾಯಿಯ ಎರಡು ಗಾಜಿನ ಜಾಡಿ ತೊಳೆದು, ಪರಾತಕ್ಕೆ ನೀರು ಹಾಕಿ, ಒಂದೊಂದು ಮೇಣದಬತ್ತಿ ಹಚ್ಚಿ ಜಾಡಿ ಬೋರಲು ಹಾಕಿದೆವು. ಒಂದರೊಳಗೆ ಪುದೀನ, ಇನ್ನೊಂದರಲ್ಲಿ ಏನೂ ಇಲ್ಲ. ಎರಡೂ ಬತ್ತಿ ಆರಿದವು. ಅಲ್ಲಿವರೆಗೆ ಸರಿ.

ಹತ್ತು ದಿನ ಅಡುಗೆಮನೆ ಕಟ್ಟೆ ಮೇಲೆ ಇಟ್ಟೆವು. ಆರನೇ ದಿನಕ್ಕೇ ಪುದೀನ ಕಪ್ಪಾಗಿ ವಾಸನೆ. ಹತ್ತನೇ ದಿನ ಜಾಡಿ ಸ್ವಲ್ಪ ಎತ್ತಿ, ಉರಿಯುವ ಬತ್ತಿ ಒಳಗೆ ತಳ್ಳಿದೆ. ಉರಿಯಿತು! ಖುಷಿಯಲ್ಲಿ ಖಾಲಿ ಜಾಡಿಗೂ ತಳ್ಳಿದೆ. ಅದರಲ್ಲೂ ಉರಿಯಿತು. ಆಗ ಮಗಳು ಹೇಳ್ತಾಳೆ, "ಅಮ್ಮಾ, ನೀನು ಎತ್ತಿದಾಗಲೇ ಹೊಸ ಗಾಳಿ ಒಳಗೆ ಹೋಯ್ತಲ್ಲ." ಕಟ್ಟೆ ಹಿಡಿದಿದ್ದಕ್ಕೆ ಅತ್ತೆ ಹತ್ತಿರ ಬೈಸಿಕೊಂಡಿದ್ದೊಂದೇ ಲಾಭ.

ಜಾಡಿ ಎತ್ತದೆ ಒಳಗೆ ಮತ್ತೆ ಬತ್ತಿ ಹಚ್ಚೋದು ಹೇಗೆ? ಪ್ರೀಸ್ಟ್ಲಿ ನಿಜವಾಗಿ ಇದನ್ನು ಮಾಡಿದ್ದನೇ, ಅಥವಾ ಇದೂ ಸೇಬು ತಲೆ ಮೇಲೆ ಬಿದ್ದ ಕಥೆಯ ಥರವಾ?

ಗಾಳಿಪಟ
ಸಂತೆಯ ಪುದೀನ ಕಟ್ಟಾ? ಬೇರಿಲ್ಲದ ಕಡ್ಡಿ ಕೊಳೆಯದೆ ಇನ್ನೇನಾಗುತ್ತೆ ಅಕ್ಕಾ.

ನಿಂಬೆಹುಳಿ
ಅಡುಗೆಮನೆ ಕಟ್ಟೆ ಮೇಲೆ ಬಿಸಿಲು ಎಷ್ಟು ಬೀಳುತ್ತೆ ಅಂತ ಮೊದಲು ಹೇಳಿ. ನಮ್ಮನೆ ಕಟ್ಟೆ ಮೇಲಾದರೆ ಹಗಲಲ್ಲೂ ಟ್ಯೂಬ್‌ಲೈಟ್.

ಸಂಜೆಮಲ್ಲಿಗೆ
ನಮ್ಮದೂ ಅದೇ ಕಥೆ 😐

ಪಿಯು_ಮೇಷ್ಟ್ರು
ಕಥೆಯಲ್ಲ ಮೇಡಂ, ಅವನು ನಿಜವಾಗಿಯೂ ಮಾಡಿದ. ದಿನಾಂಕವೇ ಬರೆದಿಟ್ಟಿದ್ದಾನೆ. 1771ರ ಆಗಸ್ಟ್ 17ರಂದು, ಮೇಣದಬತ್ತಿ ಉರಿದು ಆರಿದ ಗಾಳಿಯೊಳಗೆ ಪುದೀನದ ಒಂದು ಕುಡಿ ಇಟ್ಟ. ಅದೇ ತಿಂಗಳು 27ಕ್ಕೆ ನೋಡಿದರೆ ಇನ್ನೊಂದು ಬತ್ತಿ ಆ ಗಾಳಿಯಲ್ಲಿ ಚೆನ್ನಾಗಿ ಉರಿಯಿತು. ಊರು ಇಂಗ್ಲೆಂಡಿನ ಲೀಡ್ಸ್. ಕೆಲಸ ಚರ್ಚಿನ ಪಾದ್ರಿ. ಅವನ ಮನೆ ಪಕ್ಕದಲ್ಲೇ ಬಿಯರ್ ಕಾಯಿಸುವ ಜಾಗ ಇತ್ತು, ಅಲ್ಲಿನ ತೊಟ್ಟಿಗಳ ಮೇಲೆ ನಿಂತಿರುತ್ತಿದ್ದ ಗಾಳಿಯ ಜೊತೆ ಆಟ ಆಡುತ್ತಾ ಆಡುತ್ತಾ ಈ ಹುಚ್ಚು ಹಿಡಿಯಿತು. ಸೋಡಾ ನೀರು ಮಾಡುವ ವಿಧಾನ ಬರೆದವನೂ ಇವನೇ, 1772ರಲ್ಲಿ.

ತಮಾಷೆ ಏನೆಂದರೆ ಅವನು ಅಂದುಕೊಂಡಿದ್ದು ಉಲ್ಟಾ. ಪ್ರಾಣಿ ಉಸಿರಾಡಿ ಗಾಳಿ ಕೆಡಿಸುವ ಹಾಗೆ ಗಿಡವೂ ಕೆಡಿಸುತ್ತದೆ ಅಂತ. ನೀರಿನ ಮೇಲೆ ಬೋರಲು ಹಾಕಿದ ಜಾಡಿಯಲ್ಲಿ ಪುದೀನ ತಿಂಗಳುಗಟ್ಟಲೆ ಸಾಯದೆ ಬೆಳೆಯಿತು. ಒಳಗಿನ ಗಾಳಿ ಪರೀಕ್ಷೆ ಮಾಡಿದರೆ ಬತ್ತಿಯೂ ಆರಲಿಲ್ಲ, ಇಲಿಗೂ ಏನೂ ಆಗಲಿಲ್ಲ. ಆಮೇಲೆ ಬೇಕಂತಲೇ ಗಾಳಿ ಕೆಡಿಸಿ ನೋಡಿದ.

ನಿಮ್ಮ ಮಗಳು ಹಿಡಿದ ತಪ್ಪಿಗೂ ಅವನ ಹತ್ತಿರ ಉತ್ತರ ಇತ್ತು. ಕೆಟ್ಟ ಗಾಳಿಯನ್ನು ಎರಡು ಪಾಲು ಮಾಡಿ, ಒಂದರಲ್ಲಿ ಗಿಡ ಇಟ್ಟು, ಇನ್ನೊಂದನ್ನು ಗಿಡ ಇಲ್ಲದೆ ಅದೇ ಜಾಗದಲ್ಲಿ ಬಿಟ್ಟ. ಮೊದಲನೆಯದರಲ್ಲಿ ಬತ್ತಿ ಉರಿಯಿತು, ಎರಡನೆಯದರಲ್ಲಿ ಇಲ್ಲ. ಒಂದು ಸಲ ಅಲ್ಲ, ಆ ಬೇಸಿಗೆಯಲ್ಲಿ ಎಂಟು ಹತ್ತು ಸಲ. ನಿಮ್ಮ ಮನೆಯ ಖಾಲಿ ಜಾಡಿ ಇದೆಯಲ್ಲ, ಅದು ಅವನ ಎರಡನೇ ಪಾಲು. ಅದನ್ನು ಇಟ್ಟಿದ್ದಕ್ಕೇ ನಿಮಗೆ ತಪ್ಪು ಗೊತ್ತಾಯಿತು. ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ.

ಸಂಜೆಮಲ್ಲಿಗೆ
ಹೇಳ್ತೀನಿ ಸರ್. ಆದರೆ ಬತ್ತಿ ಒಳಗೆ ಹೋಗಿದ್ದು ಹೇಗೆ, ಅದನ್ನು ಹೇಳಲೇ ಇಲ್ಲ.

ಪಿಯು_ಮೇಷ್ಟ್ರು
ಕ್ಷಮಿಸಿ, ಪಾಠ ಮಾಡೋ ಚಾಳಿ. ನೀರಿನ ತೊಟ್ಟಿಯೊಳಗೇ ಜಾಡಿಯ ಬಾಯಿಗೆ ಗಾಜಿನ ಬಿಲ್ಲೆ ಒತ್ತಿ ಹಿಡಿಯಬೇಕು. ಹಾಗೇ ಎತ್ತಿ ಬಾಯಿ ಮೇಲೆ ಮಾಡಿ ನಿಲ್ಲಿಸಬೇಕು. ಬಾಗಿಸಿದ ತಂತಿಯ ತುದಿಗೆ ಪುಟ್ಟ ಮೇಣದಬತ್ತಿ ಸಿಕ್ಕಿಸಿ ಹಚ್ಚಿ, ಬಿಲ್ಲೆ ಸರಿಸಿದ ಕೂಡಲೇ ಮೆಲ್ಲಗೆ ಇಳಿಸಬೇಕು. ಗಾಳಿ ಕೆಟ್ಟಿದ್ದರೆ ಬಾಯಿಂದ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಜ್ವಾಲೆ ಸಾಯುತ್ತದೆ. ಹೊರಗಿನ ಗಾಳಿ ಕಲಸಿಕೊಳ್ಳಲು ಸಮಯ ಬೇಕು, ಆದ್ದರಿಂದ ಬೇಗ ಮಾಡಬೇಕು. ತಂತಿಗೆ ಸಿಕ್ಕಿಸಿದ ಬತ್ತಿ ಅವನ ಸಾಮಾನುಗಳ ಚಿತ್ರದಲ್ಲೇ ಇದೆ.

ಗಿಡವನ್ನೂ ನೀರಿನ ಮೂಲಕವೇ ಒಳಗೆ ತೂರಿಸುತ್ತಿದ್ದ, ಜಾಡಿ ಎತ್ತುತ್ತಿರಲಿಲ್ಲ.

ಕೊಳವೆಬಾವಿ
ಇನ್ನೊಂದು ವಿಷಯ. ಬತ್ತಿ ಆರಿದಾಗ ಜಾಡಿಯೊಳಗೆ ನೀರು ಮೇಲೆ ಏರಿರಬೇಕು ಅಲ್ವಾ? ಐದನೇ ಒಂದು ಭಾಗ ಏರುತ್ತೆ. ಆಮ್ಲಜನಕ ಪೂರ್ತಿ ಖರ್ಚಾದ ಜಾಗಕ್ಕೆ ನೀರು ಬರುವುದು. ನಮ್ಮ ಶಾಲೆಯಲ್ಲಿ ಸ್ಕೇಲ್ ಇಟ್ಟು ಅಳೆದಿದ್ದೆವು.

ಬಿಸಿಲುಕೋಲು
ಇದು ಊರಿಗೆಲ್ಲ ಹೇಳಿಕೊಟ್ಟ ತಪ್ಪು ಪಾಠ ಗುರು. ಬತ್ತಿ ಉರಿಯುವಾಗ ಗಾಳಿ ಕಾದು ಹಿಗ್ಗಿ, ಜಾಡಿಯ ಅಂಚಿನಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರು ಏರುತ್ತದೆ. ಆಮ್ಲಜನಕಕ್ಕೇ ನೀರು ಏರುವುದಾದರೆ ಉರಿಯುವಾಗಲೇ ಏರಬೇಕಿತ್ತು. ಏರುವುದು ಆರಿದ ಮೇಲೆ. ನಾಲ್ಕು ಬತ್ತಿ ಇಟ್ಟು ನೋಡಿ, ಗಾಳಿ ಅಷ್ಟೇ ಇದ್ದರೂ ನೀರು ಜಾಸ್ತಿ ಏರುತ್ತದೆ.

ಆಮ್ಲಜನಕ ಪೂರ್ತಿ ಮುಗಿಯುವುದೂ ಇಲ್ಲ. ಗಾಳಿಯಲ್ಲಿ ನೂರಕ್ಕೆ 21 ಭಾಗ ಇರುವುದು ಸುಮಾರು 16ಕ್ಕೆ ಇಳಿದರೆ ಮೇಣದಬತ್ತಿ ಕೈಚೆಲ್ಲುತ್ತದೆ.

ಕೊಳವೆಬಾವಿ
ಹಾಗಾದರೆ ನಮ್ಮ ಸ್ಕೇಲಿನಲ್ಲಿ ಐದನೇ ಒಂದು ಭಾಗ ಬಂದಿದ್ದು?

ನಿಂಬೆಹುಳಿ
ಮೇಷ್ಟ್ರು ಎಷ್ಟು ಬರಬೇಕು ಅಂತ ಮೊದಲೇ ಹೇಳಿದ್ದರು ತಾನೇ? ನಮ್ಮ ಕ್ಲಾಸಲ್ಲೂ ಗುರುತ್ವ ಯಾವಾಗಲೂ 9.8 ಬರುತ್ತಿತ್ತು. ಬರಲಿಲ್ಲ ಅಂದರೆ ಬರಿಸುತ್ತಿದ್ದೆವು.

ಅಡಿಕೆತೋಟ
ನನಗೆ ಇದರಲ್ಲಿ ಇಷ್ಟವಾಗುವವನು ಪ್ರೀಸ್ಟ್ಲಿಗಿಂತ ಹಿಂದಿನ ವಾನ್ ಹೆಲ್ಮಾಂಟ್, ಬ್ರಸೆಲ್ಸ್ ಕಡೆಯವನು. ಅವನದು ರೈತನ ಬುದ್ಧಿ. ಒಣಗಿಸಿದ 200 ಪೌಂಡ್ ಮಣ್ಣು ತೂಗಿ ಕುಂಡಕ್ಕೆ ತುಂಬಿದ. 5 ಪೌಂಡಿನ ವಿಲ್ಲೋ ಗಿಡ ನೆಟ್ಟ. ಧೂಳು ಬೀಳದಿರಲಿ ಅಂತ ತೂತು ಹೊಡೆದ ತಗಡು ಮುಚ್ಚಿದ. ಐದು ವರ್ಷ ಬರೀ ನೀರು. ಕಿತ್ತು ತೂಗಿದರೆ ಮರ 169 ಪೌಂಡ್ ಮೇಲೆ ಚೂರು. ಮಣ್ಣು ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಸುಮಾರು 2 ಔನ್ಸ್! ನಮ್ಮ ಲೆಕ್ಕದಲ್ಲಿ 57 ಗ್ರಾಂ, ಒಂದು ಹಿಡಿ ಮಣ್ಣು. ಮರ ಪೂರ್ತಿ ನೀರಿನಿಂದಲೇ ಆಯಿತು ಅಂದುಬಿಟ್ಟ.

ಇದನ್ನು ನಮ್ಮಪ್ಪನಿಗೆ ಹೇಳಿದೆ. "ಹಂಗಾದ್ರೆ ಗೊಬ್ಬರಕ್ಕೆ ಅಂತ ವರ್ಷಾ ವರ್ಷಾ ನನ್ನ ಹತ್ರ ದುಡ್ಡು ಇಸ್ಕೊಂಡು ಹೋಗ್ತೀಯಲ್ಲ, ಅದು ಎಲ್ಲಿಗೆ ಹೋಗುತ್ತೆ?" ಅಂದರು. ಉತ್ತರ ಕೊಡಿ ಪ್ಲೀಸ್, ಮನೆಯ ಮಾನದ ಪ್ರಶ್ನೆ.

ಬಿಸಿಲುಕೋಲು
ಗೊಬ್ಬರ ಆ 2 ಔನ್ಸಿಗೆ ಹೋಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ತೂಕದಲ್ಲಿ ಕಡಿಮೆ, ಆದರೆ ಇಲ್ಲದಿದ್ದರೆ ಗಿಡ ಏಳುವುದಿಲ್ಲ. ಸಾರಿಗೆ ಉಪ್ಪಿನ ಥರ. ವಾನ್ ಹೆಲ್ಮಾಂಟ್ ಆ 2 ಔನ್ಸನ್ನು ತೂಕದ ಹೆಚ್ಚುಕಡಿಮೆ ಅಂತ ಬಿಟ್ಟುಬಿಟ್ಟ. 1699ರಲ್ಲಿ ಜಾನ್ ವುಡ್‌ವರ್ಡ್ ಅಂತ ಇಂಗ್ಲೆಂಡಿನವನು ಪುದೀನವನ್ನೇ (ಮತ್ತೆ ಪುದೀನ!) ಮಳೆನೀರು, ಥೇಮ್ಸ್ ನದಿ ನೀರು, ಕೊಳಕು ನೀರು ಹೀಗೆ ಬೇರೆ ಬೇರೆ ನೀರಲ್ಲಿ ಬೆಳೆಸಿದ. ನೀರು ಕೊಳಕಾದಷ್ಟೂ ಗಿಡ ಜಾಸ್ತಿ ಬೆಳೆಯಿತು. ಬರೀ ನೀರು ಸಾಲದು ಅಂತ ಆಗಲೇ ಗೊತ್ತಾಯಿತು. ನಿಮ್ಮಪ್ಪನಿಗೆ ಹೇಳಿ, ವುಡ್‌ವರ್ಡ್ ಅವರ ಪಾರ್ಟಿ.

ಪಿಯು_ಮೇಷ್ಟ್ರು
ವಾನ್ ಹೆಲ್ಮಾಂಟ್ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. 'ಗ್ಯಾಸ್' ಅನ್ನೋ ಪದ ಹುಟ್ಟಿಸಿದವನೇ ಅವನು. 62 ಪೌಂಡ್ ಇದ್ದಿಲು ಸುಟ್ಟರೆ ಉಳಿಯುವ ಬೂದಿ 1 ಪೌಂಡ್, ಉಳಿದ 61 ಪೌಂಡ್ ಕಾಣದ ಗ್ಯಾಸ್ ಆಗಿ ಹೋಯಿತು ಅಂತ ಅವನೇ ಬರೆದ. ಮರ ಸುಟ್ಟರೆ ಗಾಳಿಯಾಗಿ ಹೋಗುತ್ತದೆ ಅಂತ ಗೊತ್ತಿದ್ದವನಿಗೆ, ಮರ ಬಂದಿದ್ದೂ ಗಾಳಿಯಿಂದಲೇ ಇರಬಹುದು ಅಂತ ಹೊಳೆಯಲಿಲ್ಲ. ಬಾಗಿಲ ಹತ್ತಿರ ಬಂದು ವಾಪಸ್ ಹೋದ. 1644ರಲ್ಲಿ ತೀರಿಕೊಂಡ, ಬರೆದದ್ದೆಲ್ಲ 1648ರಲ್ಲಿ ಮಗ ಅಚ್ಚು ಹಾಕಿಸಿದ.

ಅಡಿಕೆತೋಟ
ಇನ್ನೊಂದು: ನಾಲ್ಕು ವರ್ಷ ಉದುರಿದ ಎಲೆ ಅವನು ತೂಗಲೇ ಇಲ್ಲ. ನಮ್ಮಲ್ಲಿ ಉದುರಿದ ಸೋಗೆಗೂ ಲೆಕ್ಕ ಇಡ್ತೀವಿ.

ಅರಳೀಕಟ್ಟೆ
ಇಷ್ಟೆಲ್ಲ ವಿದೇಶದ್ದು ಯಾಕೆ. ನಮ್ಮ ಹಿರಿಯರು ಎಂದೋ ಹೇಳಿದ್ದಾರೆ, ರಾತ್ರಿ ಮರದ ಕೆಳಗೆ ಮಲಗಬಾರದು, ಕೆಟ್ಟ ಗಾಳಿ ಬಿಡುತ್ತದೆ. ಅರಳಿ ಮರ ಒಂದೇ 24 ಗಂಟೆ ಆಮ್ಲಜನಕ ಕೊಡುವುದು. ಅದಕ್ಕೇ ಕಟ್ಟೆ ಕಟ್ಟಿ ಪೂಜೆ ಮಾಡುವುದು.

ಬಿಸಿಲುಕೋಲು
ವಾಟ್ಸ್ಯಾಪ್ ಬಂತಪ್ಪಾ.

ಯಾವ ಮರವೂ ಕತ್ತಲಲ್ಲಿ ಆಮ್ಲಜನಕ ಬಿಡುವುದಿಲ್ಲ, ಅರಳಿಯೂ ಸೇರಿ. ಅದು ಬರುವುದು ಬೆಳಕು ನೀರನ್ನು ಒಡೆದಾಗ. ಕಳ್ಳಿ ಜಾತಿಯ ಕೆಲವು ಗಿಡ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದು ಹುಳಿಯಾಗಿ ಕೂಡಿಡುತ್ತವೆ, ಹಗಲು ಬಳಸುತ್ತವೆ. 'ರಾತ್ರಿ ಒಳ್ಳೆ ಗಾಳಿ' ಅನ್ನೋ ಮಾತು ಹುಟ್ಟಿದ್ದು ಅದನ್ನು ತಪ್ಪಾಗಿ ಓದಿಕೊಂಡಿದ್ದಕ್ಕೇ ಅಂತ ನನ್ನ ಅನುಮಾನ. ಅವೂ ರಾತ್ರಿ ಆಮ್ಲಜನಕ ಬಿಡುವುದಿಲ್ಲ. ಕಟ್ಟೆಗೆ ಪೂಜೆ ಮಾಡಿ, ಬೇಡ ಅನ್ನಲ್ಲ. ನಾನೂ ಮಾಡ್ತೀನಿ.

ಡಚ್ಚರೂರಿಂದ
ರಾತ್ರಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಅದನ್ನು ಅಳೆದು ತೋರಿಸಿದವನು ನಾನು ಈಗಿರುವ ದೇಶದವನು, ಬ್ರೆಡಾ ಊರಿನ ಯಾನ್ ಇಂಗನ್‌ಹೌಸ್. ಎಲ್ಲರೂ ಪ್ರೀಸ್ಟ್ಲಿ ಪ್ರೀಸ್ಟ್ಲಿ ಅಂತೀರಿ, ಅಸಲು ಕೆಲಸ ಮಾಡಿದವನು ಇವನು. ವೃತ್ತಿಯಲ್ಲಿ ವೈದ್ಯ. 1779ರ ಬೇಸಿಗೆಯಲ್ಲಿ ಲಂಡನ್ ಹತ್ತಿರ ಹಳ್ಳಿಯಲ್ಲಿ ಮನೆ ಹಿಡಿದು, ಮೂರು ತಿಂಗಳೊಳಗೆ 500ಕ್ಕೂ ಹೆಚ್ಚು ಪ್ರಯೋಗ ಮಾಡಿದ. ಆ ವರ್ಷವೇ ಪುಸ್ತಕ ತಂದ.

ಅವನು ಕಂಡಿದ್ದು: ಗಾಳಿ ಸರಿಮಾಡುವುದು ಗಿಡದ ಹಸಿರು ಭಾಗ ಮಾತ್ರ. ಬೇರು, ಹೂವು, ಹಣ್ಣು ಹಗಲು ರಾತ್ರಿ ಗಾಳಿ ಕೆಡಿಸುತ್ತವೆ. ಹಸಿರು ಎಲೆಯೂ ನೆರಳಲ್ಲಿ, ರಾತ್ರಿಯಲ್ಲಿ ಕೆಡಿಸುತ್ತದೆ. ಬೇಕಾಗಿರುವುದು ಸೂರ್ಯನ ಶಾಖ ಅಲ್ಲ, ಬೆಳಕು. ಆದರೆ ರಾತ್ರಿ ಕೆಡಿಸುವುದು ಹಗಲು ಕೊಡುವುದರ ಮುಂದೆ ಏನೇನೂ ಅಲ್ಲ ಅಂತಲೂ ಅವನೇ ಬರೆದಿದ್ದಾನೆ. ಅರಳೀಕಟ್ಟೆ ಅವರೇ, ಮಲಗುವ ಕೋಣೆಯಲ್ಲಿ ನಾಲ್ಕು ಕುಂಡ ಇದ್ದರೆ ಆಗುವುದಕ್ಕಿಂತ ಪಕ್ಕದಲ್ಲಿ ಮಲಗಿರುವವರಿಂದಲೇ ಗಾಳಿ ಜಾಸ್ತಿ ಕೆಡುತ್ತದೆ. ಅವರನ್ನು ಹೊರಗೆ ಕಳಿಸ್ತೀರಾ?

ನಿಂಬೆಹುಳಿ
ಗೊರಕೆ ಹೊಡೆದರೆ ಕಳಿಸಬಹುದು.

ಅರಳೀಕಟ್ಟೆ
ನಗಿ ನಗಿ. ಮರ ರಾತ್ರಿ ಗಾಳಿ ಕೆಡಿಸುತ್ತದೆ ಅಂತ ನಾನೂ ಹೇಳಿದ್ದು, ನಿಮ್ಮ ಇಂಗನ್‌ಹೌಸೂ ಹೇಳಿದ್ದು ಅದನ್ನೇ. ಅರ್ಧ ಮಾರ್ಕಾದರೂ ಕೊಡಿ.

ಬಿಸಿಲುಕೋಲು
ಅರ್ಧ ಕೊಟ್ಟೆ. ಅರಳಿಗೆ ಕಟ್.

ಗಾಳಿಪಟ
ಇಂಗನ್‌ಹೌಸ್ ಅಂದರೆ ಸಿಡುಬಿನ ಡಾಕ್ಟರ್ ಅಲ್ವಾ? 1768ರಲ್ಲಿ ವಿಯೆನ್ನಾಗೆ ಹೋಗಿ ಮಾರಿಯಾ ತೆರೇಸಾ ರಾಣಿಯ ಮನೆಯವರಿಗೆ ಸಿಡುಬು ಚುಚ್ಚಿದವನು. ಅದು ಲಸಿಕೆಗೂ ಹಿಂದಿನ ಪದ್ಧತಿ, ಸಿಡುಬಿನ ಕೀವನ್ನೇ ಸ್ವಲ್ಪ ಚುಚ್ಚುತ್ತಿದ್ದರು. ರಾಣಿ ಖುಷಿಯಾಗಿ ಬದುಕಿರುವವರೆಗೆ ಸಂಬಳ ಕೊಟ್ಟಳು. ಮೈಸೂರಲ್ಲೂ ಇಂಥದ್ದೇ ಇದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಮೈಸೂರು ರಾಣಿಯರ ಚಿತ್ರ ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಅಂತ ಇತಿಹಾಸಕಾರರು ಹೇಳ್ತಾರೆ. ಒಬ್ಬಾಕೆ ತೋಳು ತೋರಿಸ್ತಿದ್ದಾಳೆ.

ಕೊಳವೆಬಾವಿ
ಮೈಸೂರಿಗೆ ಹೋಗಿಬಿಟ್ಟಿರಿ. ಪುದೀನಕ್ಕೆ ವಾಪಸ್ ಬನ್ನಿ. ಹಾಗಾದರೆ ಪ್ರೀಸ್ಟ್ಲಿಗೆ ಬೆಳಕಿನ ವಿಷಯ ಗೊತ್ತೇ ಇರಲಿಲ್ಲವಾ? ಮತ್ತೆ ಅವನಿಗೆ ಪದಕ ಕೊಟ್ಟರಂತಲ್ಲ, ಅದು ಯಾಕೆ?

ಪಿಯು_ಮೇಷ್ಟ್ರು
1771ರಲ್ಲಿ ಗೊತ್ತಿರಲಿಲ್ಲ. 1773ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯವರು ಕಾಪ್ಲೆ ಪದಕ ಕೊಟ್ಟಿದ್ದು ಗಾಳಿಗಳ ಮೇಲಿನ ಒಟ್ಟು ಕೆಲಸಕ್ಕೆ. ಆಮೇಲೆ ಶುರುವಾಯಿತು ತಲೆನೋವು. ಸ್ವೀಡನ್ನಿನ ಶೀಲೆ ಮಾಡಿ ನೋಡಿದರೆ ಗಿಡ ಗಾಳಿ ಕೆಡಿಸಿತು. ಪ್ರೀಸ್ಟ್ಲಿಯೇ ಮತ್ತೆ ಮಾಡಿದಾಗ ಕೆಲವು ಸಲ ಸರಿಬಂತು, ಕೆಲವು ಸಲ ಇಲ್ಲ. ಜಾಡಿ ಎಲ್ಲಿಟ್ಟಿದ್ದೆ, ಬಿಸಿಲಿತ್ತಾ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಜೆಮಲ್ಲಿಗೆ ಅವರ ಅಡುಗೆಮನೆ ಕಟ್ಟೆಯದ್ದೇ ಸಮಸ್ಯೆ ನೋಡಿ.

ಇನ್ನೂ ಮಜಾ ಇದೆ. ಅವನ ನೀರಿನ ಜಾಡಿಗಳ ಗೋಡೆಗೆ ಹಸಿರು ಪಾಚಿ ಕಟ್ಟಿಕೊಂಡಿತು. ಅದರಿಂದ ಗುಳ್ಳೆಗುಳ್ಳೆಯಾಗಿ ಒಳ್ಳೆ ಗಾಳಿ ಬಂತು. ಅದು ಗಿಡದ ಜಾತಿ ಅಂತಲೇ ಅವನಿಗೆ ಮೊದಲು ಅನ್ನಿಸಲಿಲ್ಲ. ಆಮೇಲೆ ಬೆಳಕಿನ ವಿಷಯ ಯಾರು ಮೊದಲು ಕಂಡರು ಅಂತ ಅವನಿಗೂ ಇಂಗನ್‌ಹೌಸ್‌ಗೂ ಮನಸ್ತಾಪ.

ಇನ್ನು ಆಮ್ಲಜನಕ. 1774ರ ಆಗಸ್ಟ್ 1ರಂದು ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಪಾದರಸದ ಕೆಂಪು ಭಸ್ಮದಿಂದ ಅದನ್ನು ಹೊರಗೆ ತಂದವನೂ ಇವನೇ. ಆದರೆ ಸಾಯುವವರೆಗೂ ಅದನ್ನು 'ಫ್ಲೋಜಿಸ್ಟಾನ್ ಕಳಕೊಂಡ ಗಾಳಿ' ಅಂತಲೇ ಕರೆದ. ಉರಿಯುವ ವಸ್ತುವಿನಿಂದ ಫ್ಲೋಜಿಸ್ಟಾನ್ ಅನ್ನೋದು ಹೊರಗೆ ಬಂದು ಗಾಳಿಯಲ್ಲಿ ತುಂಬಿಕೊಳ್ಳುತ್ತೆ, ಗಿಡ ಅದನ್ನು ಹೀರುತ್ತೆ ಅಂತ ಅವನ ಲೆಕ್ಕ. ಪೂರ್ತಿ ತಲೆಕೆಳಗು. ಪ್ರಯೋಗ ಮಾತ್ರ ಗಟ್ಟಿ.

ಡಚ್ಚರೂರಿಂದ
ಇಂಗನ್‌ಹೌಸ್ ಬತ್ತಿ, ಇಲಿ ನಂಬಿಕೊಂಡಿರಲಿಲ್ಲ. ನೈಟ್ರಿಕ್ ಆಕ್ಸೈಡ್ ಗಾಳಿಗೆ ಬೆರೆಸಿದರೆ ಅದರಲ್ಲಿ ಆಮ್ಲಜನಕ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಹಾಗೆ ನೀರಿನ ಮೇಲಿನ ಗಾಳಿ ಕುಗ್ಗುತ್ತದೆ. ಎಷ್ಟು ಕುಗ್ಗಿತು ಅಂತ ಕೊಳವೆಯಲ್ಲಿ ಓದಿಕೊಂಡರೆ ಆಯಿತು. ಈ ಪರೀಕ್ಷೆ ಕಂಡುಹಿಡಿದವನು ಪ್ರೀಸ್ಟ್ಲಿಯೇ ಅನ್ನಿ, ಒಪ್ಪಿದೆ. ಉರಿದರೆ ಉರಿಯಿತು ಆರಿದರೆ ಆರಿತು ಅನ್ನುವ ಬದಲು ಅಂಕಿ ಸಿಕ್ಕಿತು. 500 ಪ್ರಯೋಗ ಆಗಿದ್ದು ಅದರಿಂದಲೇ. ಹತ್ತು ದಿನ ಕಾದರೆ ಆಗುತ್ತಿತ್ತಾ?

ಕೆರೆಏರಿ
ಸಂಜೆಮಲ್ಲಿಗೆ ಅಕ್ಕಾ, ಇವರ ಮಾತು ಮುಗಿಯಲ್ಲ. ನೀವು ಪುದೀನ ಬಿಡಿ, ಹೈಡ್ರಿಲ್ಲಾ ಅನ್ನೋ ನೀರೊಳಗೆ ಬೆಳೆಯುವ ಗಿಡ ತನ್ನಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲಾ ಯಾವುದಾದರೂ ಕೆರೆಯಲ್ಲಿ. ದೊಡ್ಡ ಗಾಜಿನ ಪಾತ್ರೆಯಲ್ಲಿ ನೀರು ಹಾಕಿ, ಕಾಂಡ ಕತ್ತರಿಸಿದ ತುದಿ ಮೇಲೆ ಬರುವ ಹಾಗೆ ಇಟ್ಟು, ಮೇಲೆ ಎಣ್ಣೆ ಹಾಕುವ ಲಾಳಿಕೆ ಬೋರಲು ಹಾಕಿ. ಲಾಳಿಕೆ ಮೂತಿಗೆ ನೀರು ತುಂಬಿದ ಟೆಸ್ಟ್ ಟ್ಯೂಬ್. ತಾರಸಿಯ ಬಿಸಿಲಲ್ಲಿಡಿ. ಕತ್ತರಿಸಿದ ತುದಿಯಿಂದ ಮಣಿ ಪೋಣಿಸಿದ ಹಾಗೆ ಗುಳ್ಳೆ ಬರುತ್ತವೆ. ಮಗಳಿಗೆ ಎಣಿಸೋಕೆ ಹೇಳಿ.

ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಎಣಿಸಿ. ಆಮೇಲೆ ಕುದಿಸಿ ಆರಿಸಿದ ನೀರಲ್ಲೂ ಎಣಿಸಿ. 1754ರಲ್ಲಿ ಬಾನೆ ಅನ್ನೋ ಜಿನೀವಾದವನು ಕುದಿಸಿದ ನೀರಲ್ಲಿ ಎಲೆಯಿಂದ ಗುಳ್ಳೆ ಬರಲ್ಲ ಅಂತ ಕಂಡು, ಗುಳ್ಳೆ ಅಂದರೆ ನೀರಲ್ಲಿದ್ದ ಗಾಳಿ ಎಲೆಗೆ ಅಂಟಿದ್ದು ಅಷ್ಟೇ ಅಂತ ಕೈಬಿಟ್ಟ. ಅದೇ ಊರಿನ ಸೆನೆಬಿಯೆ 1782ರಲ್ಲಿ ಕಾರಣ ಹೇಳಿದ. ಕುದಿಸಿದರೆ ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ಗಿಡಕ್ಕೆ ಬೇಕಾದ ಸರಕೇ ಇಲ್ಲ.

ನಮ್ಮ ಜಗದೀಶ್ ಚಂದ್ರ ಬೋಸ್ ಕೂಡ ಕಲ್ಕತ್ತಾದಲ್ಲಿ ಹೈಡ್ರಿಲ್ಲಾದ ಮೇಲೇ ಕೆಲಸ ಮಾಡಿದ್ದು. ಎಣಿಸೋ ರಗಳೆ ಬೇಡ ಅಂತ, ಗುಳ್ಳೆ ಬಂದ ಹಾಗೆ ತಾನೇ ಗುರುತು ಹಾಕಿಕೊಳ್ಳುವ ಯಂತ್ರ ಮಾಡಿದ್ದರು. 1924ರಲ್ಲಿ ಅದರ ಬಗ್ಗೆ ಪುಸ್ತಕವೇ ಬರೆದರು.

ಕೊಳವೆಬಾವಿ
ಆ ಗುಳ್ಳೆಯ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡ್ ಒಡೆದು ತಾನೇ? ಇಂಗಾಲ ಇಟ್ಟುಕೊಂಡು ಆಮ್ಲಜನಕ ಬಿಡುತ್ತೆ. ಬಿಸಿಲುಕೋಲು ಅವರು ಮೇಲೆ ನೀರು ಒಡೆಯುತ್ತೆ ಅಂತ ಬರೆದಿದ್ದಾರೆ, ತಪ್ಪು ಅನ್ಸುತ್ತೆ.

ಬಿಸಿಲುಕೋಲು
ನೀವು ಅಂದುಕೊಂಡಿದ್ದನ್ನೇ ನೂರು ವರ್ಷಕ್ಕೂ ಜಾಸ್ತಿ ದೊಡ್ಡ ದೊಡ್ಡವರೆಲ್ಲ ಅಂದುಕೊಂಡಿದ್ದರು, ನಾಚಿಕೊಳ್ಳಬೇಡಿ. ಬೆಳಕಲ್ಲೇ ಬದುಕುವ, ಆದರೆ ನೀರಿನ ಬದಲು ಹೈಡ್ರೋಜನ್ ಸಲ್ಫೈಡ್ ಬಳಸುವ ಬ್ಯಾಕ್ಟೀರಿಯಾಗಳು ಇವೆ. ಅವು ಆಮ್ಲಜನಕ ಬಿಡುವುದಿಲ್ಲ, ಗಂಧಕ ಬಿಡುತ್ತವೆ. ಈ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದ ವಾನ್ ನೀಲ್ ಅನ್ನೋ ವಿಜ್ಞಾನಿ ಇದನ್ನು ನೋಡಿ, ಹಾಗಾದರೆ ಗಿಡದಲ್ಲಿ ಒಡೆಯುವುದು ನೀರೇ ಇರಬೇಕು ಅಂದ. 1941ರಲ್ಲಿ ಅಮೆರಿಕದಲ್ಲಿ ರೂಬೆನ್, ಕೇಮನ್ ಮತ್ತು ಜೊತೆಯವರು ಮಾಮೂಲಿಗಿಂತ ಹೆಚ್ಚು ತೂಕದ ಆಮ್ಲಜನಕ ಇರುವ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಗಾಳಿಯಲ್ಲಿ ಅದೇ ತೂಕದ ಆಮ್ಲಜನಕ ಸಿಕ್ಕಿತು.

ಅಡಿಕೆತೋಟ
ಅಂದರೆ ವಾನ್ ಹೆಲ್ಮಾಂಟ್ ನೀರು ನೀರು ಅಂದಿದ್ದಕ್ಕೂ ಸ್ವಲ್ಪ ಬೆಲೆ ಉಂಟು.

ಪಿಯು_ಮೇಷ್ಟ್ರು
ಉಂಟು. 1804ರಲ್ಲೇ ಡಿ ಸಾಸ್ಯೂರ್ ಅಳೆದು ತೋರಿಸಿದ್ದ, ಗಿಡದ ತೂಕ ಹೆಚ್ಚುವುದು ಹೀರಿಕೊಂಡ ಇಂಗಾಲದ ಲೆಕ್ಕಕ್ಕಿಂತ ಜಾಸ್ತಿ, ಉಳಿದದ್ದು ನೀರಿನದು ಅಂತ. ಅವನೂ ಜಿನೀವಾ. ಆ ಊರಿನ ನೀರಲ್ಲೇ ಏನೋ ಇರಬೇಕು.

ಸಂಜೆಮಲ್ಲಿಗೆ
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೈಡ್ರಿಲ್ಲಾ ತಂದು ಮಾಡಿದೆವು. ಮಗಳ ನೋಟ್‌ಬುಕ್ಕಿಂದ: ತಾರಸಿಯಲ್ಲಿ ಮಧ್ಯಾಹ್ನ ನಿಮಿಷಕ್ಕೆ 38 ಗುಳ್ಳೆ. ನೀರಿನ ಟ್ಯಾಂಕಿನ ನೆರಳಲ್ಲಿ 7. ಬಚ್ಚಲುಮನೆ ಬಾಗಿಲು ಹಾಕಿಕೊಂಡು ಮೊಬೈಲ್ ಬೆಳಕಲ್ಲಿ ನೋಡಿದರೆ ಸೊನ್ನೆ. ಸೋಡಾ ಹಾಕಿದ ಮೇಲೆ 51, ಆಮೇಲೆ ಎಣಿಸೋಕೆ ಆಗಲಿಲ್ಲ ಅಂತ ಬರೆದಿದ್ದಾಳೆ. ಕುದಿಸಿ ಆರಿಸಿದ ನೀರಲ್ಲಿ ಐದು ನಿಮಿಷ ಕಾದರೂ ಎರಡೇ ಎರಡು.

ಎರಡು ದಿನಕ್ಕೆ ಟ್ಯೂಬಲ್ಲಿ ಒಂದು ಬೆರಳಗಲ ಗಾಳಿ ಸೇರಿತು. ಬಾಯಿಗೆ ಹೆಬ್ಬೆರಳು ಒತ್ತಿ ತೆಗೆದು ನೆಟ್ಟಗೆ ಮಾಡಿ, ಊದುಬತ್ತಿಯ ಕೆಂಡ ಇಳಿಸಿದೆವು. ಕೆಂಪಗಿದ್ದ ಕೆಂಡ ಫಕ್ಕನೆ ಹಳದಿಯಾಗಿ ಹೊಳೆದು, ಒಂದು ಕ್ಷಣ ಸಣ್ಣ ಜ್ವಾಲೆಯೂ ಬಂತು. ನಾನು ಕಿರುಚಿದ್ದಕ್ಕೆ ಅತ್ತೆ ಏನೋ ಸುಟ್ಟುಹೋಯಿತು ಅಂತ ಮೇಲೆ ಓಡಿಬಂದರು. ಅವರಿಗೂ ತೋರಿಸಲು ಇನ್ನೊಂದು ಟ್ಯೂಬ್ ಇಟ್ಟಿದ್ದೇವೆ.

ಈಗ ಮಗಳಿಗೆ ಮತ್ತೆ ಪುದೀನವೇ ಬೇಕಂತೆ, ಬೇರಿರುವುದು, ಬಿಸಿಲಲ್ಲಿ, ತಂತಿಗೆ ಬತ್ತಿ ಸಿಕ್ಕಿಸಿ. ಕುಂಡದಲ್ಲಿ ನೆಟ್ಟಿದ್ದೇವೆ, ಚಿಗುರಿದೆ. ಅತ್ತೆ ನಿನ್ನೆ ಅದರಲ್ಲಿ ಅರ್ಧ ಕೊಯ್ದು ಚಟ್ನಿ ಮಾಡಿದರು.

ನಿಂಬೆಹುಳಿ
ಉಳಿದರ್ಧಕ್ಕೆ ಬೇಗ ಜಾಡಿ ಮುಚ್ಚಿ.